ಕುಷ್ಟನಿಗೊಂದು ಎಲೆ

"ಪರ್ಹ್ಯಾಪ್ಸ್ ಬಂದರೆ ವಾಕ್ಯದ ತಲೆಯ ಮೇಲೇ ಕೂರಬೇಕು. ಪ್ರಾಬಬ್ಲಿ ಬಂದರೆ ನಡುವೆ ನುಸುಳಬೇಕು. ತಿಳಿಯಿತಾ?"

ಯಾರಿಗೂ ತಿಳಿದಂತೆ ಕಾಣಲಿಲ್ಲ. ಪ್ರೇಮಾನಂದ ಬೋರ್ಡಿನ ಕಡೆ ತಿರುಗಿ ಎರಡು ವಾಕ್ಯ ಬರೆದ. ಪರ್ಹ್ಯಾಪ್ಸ್ ಹಿ ವಿಲ್ ಕಮ್. ಹಿ ವಿಲ್ ಪ್ರಾಬಬ್ಲಿ ಕಮ್. ಚಾಕ್‌ಪೀಸ್ ಕೆಳಗಿಟ್ಟ ಮೇಲೆ, ಬರುವವನ ಉದಾಹರಣೆ ಇವತ್ತಾದರೂ ಬೇಡವಾಗಿತ್ತು ಅನ್ನಿಸಿತು. ಬಸ್ಸು ಬರಬಹುದಿತ್ತು. ಇನ್ಸ್‌ಪೆಕ್ಟರು ಬರಬಹುದಿತ್ತು. ಬರಬಹುದಾದವರು ಲೋಕದಲ್ಲಿ ಬೇಕಾದಷ್ಟಿದ್ದಾಗ ತಮ್ಮನೇ ಬಂದು ಬೋರ್ಡಿನ ಮೇಲೆ ಕೂತಿದ್ದ. "ಹಿ ಅಂದ್ರೆ ಯಾರು ಸರ್" ಎಂದು ಯಾರೂ ಕೇಳಲಿಲ್ಲ, ಪುಣ್ಯ.

ಕುಂದಾಪುರದ ಈ ಕಾಲೇಜಿನಲ್ಲಿ ಅವನು ಪಿಯುಸಿಗೆ ಇಂಗ್ಲಿಷ್ ಹೇಳಲು ಶುರುಮಾಡಿ ತಲೆಕೂದಲು ಹಣ್ಣಾಗುವಷ್ಟು ಕಾಲವಾಗಿತ್ತು. ಈ ಪಾಠವೆಂದರೆ ಅವನಿಗೆ ಪ್ರೀತಿ. ಖಚಿತವಾಗಿ ಏನನ್ನೂ ಹೇಳದೆಯೂ ವ್ಯಾಕರಣಶುದ್ಧವಾಗಿ ಮಾತಾಡುವುದು ಹೇಗೆಂದು ಕಲಿಸುವ ಪಾಠ ಇನ್ನೆಲ್ಲಿದೆ?

"ಸರ್, ನಾನೊಂದು ವಾಕ್ಯ ಮಾಡಿದ್ದೆ" ಎಂದಳು ಮುಂದಿನ ಬೆಂಚಿನ ಧನ್ಯಶ್ರೀ. ದಿನಾ ಬ್ರಹ್ಮಾವರದಿಂದ ಬಸ್ಸಲ್ಲಿ ಬರುವ ಹುಡುಗಿ. "ಪರ್ಹ್ಯಾಪ್ಸ್ ದಿ ಬಸ್ ವಿಲ್ ಪ್ರಾಬಬ್ಲಿ ಬಿ ಲೇಟ್."

"ಒಂದು ವಾಕ್ಯಕ್ಕೆ ಒಂದು ಅನುಮಾನ ಸಾಕು. ಎರಡರಲ್ಲಿ ಒಂದನ್ನು ತೆಗಿ."

ತರಗತಿ ನಕ್ಕಿತು. ಅವನು ಖುಷಿಯಲ್ಲಿ ಬೋರ್ಡಿನ ಉದ್ದಕ್ಕೂ ಒಂದು ಗೆರೆ ಎಳೆದ. ಆ ತುದಿಯಲ್ಲಿ ಸರ್ಟನ್ಲಿ. ಅದಕ್ಕಿಂತ ಈಚೆ ಪ್ರಾಬಬ್ಲಿ. ನಟ್ಟನಡುವೆ ಪರ್ಹ್ಯಾಪ್ಸ್. ಈಚಿನ ತುದಿ ಖಾಲಿ ಉಳಿಯಿತು.

"ಸರ್, ಅಲ್ಲಿಗೆ ಯಾವ ಶಬ್ದ?" ಧನ್ಯಶ್ರೀ ಬಿಡುವವಳಲ್ಲ. "ಅವ ಬರುದೇ ಇಲ್ಲ ಅಂತ ಗೊತ್ತಿದ್ರೆ?"

"ಅದು ನಿಮ್ಮ ಪೋರ್ಷನ್ನಿನಲ್ಲಿಲ್ಲ."

ಸುಳ್ಳು. ಅದೇ ಪುಟದ ಕೆಳಗಡೆ ದಪ್ಪ ಅಕ್ಷರದಲ್ಲಿತ್ತು. ಗಂಟೆ ಹೊಡೆಯಿತು. ಅವನು ಡಸ್ಟರಿನಿಂದ ಇಡೀ ಗೆರೆಯನ್ನು ಒರೆಸಿ ಕೈ ಕೊಡವಿಕೊಂಡ.

ಸ್ಟಾಫ್ ರೂಮಿನಲ್ಲಿ ಹೊಟ್ಟೆ ಚುರುಗುಟ್ಟತೊಡಗಿತು. ಬೆಳಿಗ್ಗೆ ಮನೆಯಲ್ಲಿ ತಿಂಡಿಯಿರಲಿಲ್ಲ. ಇವತ್ತು ಆಸಾಡಿ ಅಮಾಸೆ. ಮುಸ್ಸಂಜೆ ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುವ ತನಕ ಮನೆಯವರು ಅನ್ನ ಮುಟ್ಟುವಂತಿಲ್ಲ. ಇದರಲ್ಲೆಲ್ಲ ಅವನಿಗೆ ನಂಬಿಕೆಯಿಲ್ಲ, ಅದನ್ನು ಆಗಾಗ ನಾಲ್ಕು ಜನರ ಮುಂದೆ ಹೇಳಿದ್ದೂ ಉಂಟು. ಹಾಗೆಂದು ಕ್ಯಾಂಟೀನಿಗೆ ಹೋಗಿ ಎರಡು ಬನ್ಸ್ ತಿನ್ನಲೂ ಇಲ್ಲ. ನಂಬುವುದೂ ಇಲ್ಲ, ತಿನ್ನುವುದೂ ಇಲ್ಲ. ಇದೊಂದು ನಿಲುವು ಎಂದು ಅವನು ತನಗೇ ಹೇಳಿಕೊಂಡ. ಹೊಟ್ಟೆ ಒಪ್ಪಲಿಲ್ಲ.

ನಿನ್ನೆ ಗಂಜಿ ಬಡಿಸುವಾಗ ತಮ್ಮನ ಹೆಂಡತಿ ವನಜ ಒಂದು ಪ್ರಶ್ನೆ ಕೇಳಿದ್ದಳು. ಬಹಳ ಸಾದಾ ಪ್ರಶ್ನೆ.

"ಭಾವ, ನಾಳೆ ಎಷ್ಟ್ ಎಲೆ ಕೊಯ್ಯುದ್?"

"ಕಾಂಬ" ಎಂದಿದ್ದ ಅವನು. ನೋಡೋಣ ಎಂದರ್ಥ. ಊರಿನ ಮಾತಿನಲ್ಲಿ ಇಷ್ಟು ಒಳ್ಳೆಯ ಶಬ್ದವಿರುವಾಗ ತಾನು ಇಂಗ್ಲಿಷಿನವರ ಬೆನ್ನು ಹತ್ತಿದ್ದು ಯಾಕೋ ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿದೆ.

"ಎಲೆ ಕೊಯ್ಯುಕೆ ಕಾಂಬುದ್ ಎಂತ? ಮಾವಂಗೊಂದ್, ಅಜ್ಜಿಗೊಂದ್, ಈ ವರ್ಷ ಅತ್ತೆಗೊಂದ್." ಅವಳು ಸೌಟು ಕೈಯಲ್ಲಿ ಹಿಡಿದೇ ನಿಂತಿದ್ದಳು. "ಇವ್ರಿಗ್ ಹಾಕುದಾ, ಬ್ಯಾಡ್ದಾ?"

ಇವರು ಎಂದರೆ ಅವಳ ಗಂಡ, ಪ್ರೇಮಾನಂದನ ತಮ್ಮ ಕುಷ್ಟ. ನಾಲ್ಕು ವರ್ಷದ ಹಿಂದೆ ಕೊಡೇರಿಯಿಂದ ಹೋದ ದೋಣಿ ಗಾಳಿಗೆ ಮಗುಚಿತ್ತು. ಉಳಿದವರು ಡಬ್ಬ ಹಿಡಿದು ತೇಲಿ ದಡ ಸೇರಿದರು. ಕುಷ್ಟ ಬರಲಿಲ್ಲ. ಹೆಣವೂ ಬರಲಿಲ್ಲ. "ಹೆಣ ಕಾಣ್ದೆ ನಾ ಎಲೆ ಹಾಕುದಿಲ್ಲೆ" ಎಂದು ತಾಯಿ ಹಟ ಹಿಡಿದಳು. ಅವಳಿರುವ ತನಕ ಯಾರೂ ಆ ಸುದ್ದಿ ಎತ್ತಲಿಲ್ಲ. ಕಳೆದ ಬೇಸಗೆಯಲ್ಲಿ ಅವಳು ತೀರಿಕೊಂಡಳು, ಮನೆಗೆ ಪ್ರೇಮಾನಂದನೇ ಹಿರಿಯನಾದ. ಹಿರಿಯನೆಂದರೆ ಉತ್ತರ ಹೇಳಬೇಕಾದವನು ಎಂಬುದು ಆಮೇಲೆ ಗೊತ್ತಾಯಿತು.

ಎಲೆ ಹಾಕಿದರೆ ಕುಷ್ಟ ಸತ್ತ ಹಾಗೆ, ವನಜ ಇನ್ನೊಂದು ಮದುವೆಯಾಗಬಹುದು. ಹಾಕದಿದ್ದರೆ ಅವಳು ಕುಷ್ಟನ ಹೆಂಡತಿ, ಹಣೆಗೆ ಬೊಟ್ಟಿಟ್ಟುಕೊಂಡು ಕಾಯಬೇಕು. ಬದುಕಿರುವವನಿಗೆ ಸತ್ತವರ ಸಾಲಿನಲ್ಲಿ ಬಡಿಸಿದರೆ ಬಡಿಸಿದವರ ಗತಿ ನೆಟ್ಟಗಾಗುವುದಿಲ್ಲ ಎಂದು ಊರೆಲ್ಲ ನಂಬಿತ್ತು. ಹಾಗಾಗಿ ಅವಳು ತಾನಾಗಿ ಹಾಕುವಂತಿಲ್ಲ. ಮನೆಯ ಹಿರಿಯನಾದವನು ಗುರಿಕಾರನ ಎದುರು ಬಾಯಿಬಿಟ್ಟು ಹೇಳಬೇಕು. ಗುರಿಕಾರನೆಂದರೆ ಊರ ಮೀನುಗಾರ ಮನೆಗಳಿಗೆಲ್ಲ ಯಜಮಾನ. ಅವರು ಇವತ್ತು ಸಂಜೆ ಬರುತ್ತೇನೆಂದು ಹೇಳಿ ಕಳಿಸಿದ್ದರು.

ಕಾಲೇಜು ಬಿಟ್ಟ ಮೇಲೆ ಮನೆಗೆಂದು ಬೈಂದೂರು ಬಸ್ಸು ಹತ್ತಿ ತಲೆ ಎತ್ತಿದರೆ ಗೋವರ್ಧನ! ಇಳಿದುಬಿಡೋಣ ಎನ್ನುವಷ್ಟರಲ್ಲಿ ಕಂಡಕ್ಟರು ರೈಟ್ ಎಂದ.

"ಹ್ವಾಯ್ ಮೇಷ್ಟ್ರೇ, ಇಲ್ಲ್ ಕೂಕಣಿ."

ಬ್ರಹ್ಮಾವರದ ಗೋವರ್ಧನ ಮೀನಿನ ಟೆಂಪೋದವನು. ಕೊಡೇರಿಯಲ್ಲಿ ಮೀನು ತುಂಬಿಸಿಕೊಂಡು ಬ್ರಹ್ಮಾವರದ ಪೇಟೆಗೆ ಒಯ್ಯುವುದು ಅವನ ಕೆಲಸ. ಮಳೆಗಾಲದಲ್ಲಿ ಮೀನುಗಾರಿಕೆ ಬಂದ್ ಆದ್ದರಿಂದ ಟೆಂಪೋ ಮನೆಯಲ್ಲಿತ್ತು. ಹೆಂಡತಿ ಸತ್ತವ. ವನಜನನ್ನು ಮದುವೆಯಾಗುತ್ತೇನೆಂದು ಗುರಿಕಾರರ ಹತ್ತಿರ ನೇರವಾಗಿ ಹೇಳಿದ್ದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಪ್ರೇಮಾನಂದ ಕಾರಣ ಹುಡುಕಿ ಸೋತಿದ್ದ. ಕುಡಿಯುವುದಿಲ್ಲ, ಸುಳ್ಳು ಹೇಳುವುದಿಲ್ಲ, ಮೈಯಿಂದ ಮೀನಿನ ವಾಸನೆ ಮಾತ್ರ ಬರುತ್ತದೆ. ಆ ವಾಸನೆಯನ್ನು ಮೀನು ಹಿಡಿದೇ ಬದುಕಿದ ಮೇಷ್ಟ್ರ ಮನೆಯಲ್ಲಿ ತೆಗಳುವುದು ಹೇಗೆ?

"ಇವತ್ತ್ ಹೇಳ್ತ್ರಿ ಅಲ್ದಾ?" ಎಂದ ಗೋವರ್ಧನ.

"ಗುರಿಕಾರ್ರ್ ಬತ್ರಾ ಕಾಂಬ."

"ಅವ್ರ್ ಬತ್ರ್. ನೀವ್ ಎಂತ ಹೇಳ್ತ್ರಿ?"

"ಇಷ್ಟ್ ಬೇಗ ಹೇಳುಕಾತ್ತಾ?"

"ಬೇಗವಾ? ನಾಲ್ಕ್ ವರ್ಷ ಆಯ್ತಲೆ ಮಾರಾಯ್ರೆ!"

"ಅಲ್ಲ ಗೋವರ್ಧನ, ಸಾಕ್ಷಿ ಬೇಕಲ್ಲ? ಪ್ರತ್ಯಕ್ಷ ಕಾಣದೆ ಒಬ್ಬ ಮನುಷ್ಯನನ್ನು ಇಲ್ಲ ಅಂತ ಹೇಳುವುದು ನೈತಿಕವಾಗಿ..." ಶುರುವಾದದ್ದು ಊರ ಮಾತಿನಲ್ಲಿ, ಮುಗಿಯುವಾಗ ಪಾಠದ ಭಾಷೆಯಾಗಿತ್ತು. ತನಗೆ ಭಯವಾದಾಗಲೆಲ್ಲ ಹೀಗೆ ಪುಸ್ತಕದ ಕನ್ನಡ ಬರುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

ಗೋವರ್ಧನ ಅವನ ಕಡೆ ತಿರುಗಿದ. "ನಂಗೆ ಅದೆಲ್ಲ ತಿಳುದಿಲ್ಲೆ. ಇದ್ದ ಅಂದ್ರೆ ನಾ ಇವತ್ತೇ ವಾಪಾಸ್ ಹೋತೆ. ಮತ್ತೆ ಬತ್ತಿಲ್ಲೆ. ಆ ಹೆಣ್ಣಿಗೆ ಆಸೆ ಮಾತ್ರ ಇಡ್ಬೇಡಿ."

ಬಸ್ಸು ಮರವಂತೆಗೆ ಬಂತು. ಎಡಕ್ಕೆ ರಸ್ತೆಯಂಚಿಗೇ ಸಮುದ್ರ, ಬಲಕ್ಕೆ ಹೊಳೆ. ಬಸ್ಸಿನವರೆಲ್ಲ ಎಂದಿನಂತೆ ಸಮುದ್ರದ ಕಡೆ ಕತ್ತು ಚಾಚಿದರು. ನಾಲ್ಕು ವರ್ಷದಿಂದ ಪ್ರೇಮಾನಂದ ಇಲ್ಲಿ ಹೊಳೆಯನ್ನು ನೋಡುತ್ತಾನೆ. ಹೊಳೆಯಲ್ಲಿ ನೋಡುವಂಥದ್ದೇನೂ ಇಲ್ಲ, ಅದಕ್ಕೇ ನೋಡುತ್ತಾನೆ.

ಕುಷ್ಟ ಸತ್ತಿದ್ದಾನೆಂದು ಅವನಿಗೆ ಗೊತ್ತಿತ್ತು. ಮೊದಲ ದಿನವೇ ಗೊತ್ತಿತ್ತು. ಸಮುದ್ರದ ಮಕ್ಕಳಿಗೆ ಇದಕ್ಕೆಲ್ಲ ಇಂಗ್ಲಿಷ್ ಎಂ.ಎ. ಬೇಕಾಗುವುದಿಲ್ಲ. ತಾಯಿ ದಡದಲ್ಲಿ ಕೂಗುತ್ತಿದ್ದಾಗ ಅವಳ ಹೆಗಲು ಹಿಡಿದುಕೊಂಡು, ಇನ್ನು ಅವನಿಲ್ಲ, ನನ್ನ ತಮ್ಮ ಇಲ್ಲ ಎಂದು ಒಳಗೊಳಗೇ ಅತ್ತಿದ್ದ. ಗೊತ್ತಿಲ್ಲದ್ದು ಒಂದೇ. ಅದನ್ನು ಬಾಯಿಬಿಟ್ಟು ಹೇಳಿದ ಮೇಲೆ ತನಗೆ ಬಡಿಸುವವರು ಯಾರು?

ಲೆಕ್ಕ ಹಾಕಿ ನೋಡಿದರೆ ನಾಚಿಕೆಯಾಗಬೇಕು. ನಾಚಿಕೆಯಾಗುತ್ತಿತ್ತು ಕೂಡ. ದಿನಾ ಬೆಳಿಗ್ಗೆ ಡಬ್ಬಿಯಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಗಸಿ. ಸಂಜೆ ಹಂಡೆಯಲ್ಲಿ ಬಿಸಿನೀರು. ಒಗೆದು ಮಡಚಿಟ್ಟ ಅಂಗಿ. ರಾತ್ರಿ ಪಕ್ಕದ ಮನೆಯ ಮುದುಕಿ ಬಂದು ವನಜನ ಜೊತೆ ಮಲಗುತ್ತಾಳೆ, ಊರ ಬಾಯಿಗೆ ಅದೊಂದು ಬೀಗ. ಆದರೂ ಗೋಡೆಯ ಆಚೆ ಬಳೆ ಸದ್ದಾದರೆ ಈಚೆ ಮದುವೆಯಾಗದೆ ನಲವತ್ತು ದಾಟಿದ ಒಬ್ಬ ಮೇಷ್ಟ್ರು ಪುಸ್ತಕದ ಹಾಳೆ ತಿರುವುವುದನ್ನು ನಿಲ್ಲಿಸುತ್ತಾನೆ. ಅಷ್ಟೇ. ಅದಕ್ಕಿಂತ ಮುಂದೆ ಹೋಗುವ ಧೈರ್ಯ ಅವನಿಗಿಲ್ಲ, ಹಿಂದೆ ಸರಿಯುವ ಮನಸ್ಸೂ ಇಲ್ಲ. ಇದಕ್ಕೆಲ್ಲ ಸೇರಿ ಅವನು ಇಟ್ಟುಕೊಂಡ ಹೆಸರು ವೈಚಾರಿಕತೆ.

ಮನೆ ತಲುಪುವಾಗ ಗುರಿಕಾರ ದುಗ್ಗಪ್ಪಣ್ಣ ಜಗಲಿಯ ಮೇಲೆ ಆಗಲೇ ಕೂತು ಎಲೆಯಡಿಕೆ ಹಾಕಿಕೊಂಡಿದ್ದರು. ಒಳಗಿನಿಂದ ಕೋಳಿ ಸಾರಿನ ಪರಿಮಳ. ಗೋವರ್ಧನ ಜಗಲಿ ಹತ್ತದೆ ಅಂಗಳದ ತೆಂಗಿನ ಬುಡದಲ್ಲಿ ಕೊಡೆ ಹಿಡಿದು ನಿಂತ. ಆ ಮರ್ಯಾದೆಯೂ ಇವನಿಗೆ ಗೊತ್ತಿದೆಯಲ್ಲ ಎಂದು ಪ್ರೇಮಾನಂದನಿಗೆ ಹೊಟ್ಟೆಕಿಚ್ಚಾಯಿತು.

"ಬನ್ನಿ ಮೇಷ್ಟ್ರೇ. ಕಾಲ್ ತೊಳ್ಕಂಡ್ ಬನ್ನಿ" ಎಂದರು ದುಗ್ಗಪ್ಪಣ್ಣ. ಅವನನ್ನು ಚಡ್ಡಿಯಲ್ಲಿ ಓಡಾಡುವಾಗಿಂದ ಕಂಡವರು. ಈಗ ಮೇಷ್ಟ್ರೇ ಎನ್ನುತ್ತಾರೆ, ಅದರಲ್ಲಿ ಗೌರವ ಎಷ್ಟು ತಮಾಷೆ ಎಷ್ಟು ಎಂದು ಅವನಿಗೆ ಎಂದೂ ಬಗೆಹರಿದಿಲ್ಲ.

ಅವನು ಕಾಲು ತೊಳೆದ. ಇನ್ನೊಮ್ಮೆ ತೊಳೆದ. ಮೂಲೆಯಲ್ಲಿ ಕುಡಿಬಾಳೆಲೆ ಸುತ್ತಿ ಒರಗಿಸಿಟ್ಟಿತ್ತು. ಎಷ್ಟಿರಬಹುದೆಂದು ಕಣ್ಣಲ್ಲೇ ಎಣಿಸಲು ನೋಡಿದ, ತಿಳಿಯಲಿಲ್ಲ.

"ಹೊತ್ತ್ ಮುಳುಗ್ತಾ ಇತ್ತ್. ಒಂದ್ ಮಾತ್ ಹೇಳಿ ಕಾಂಬ. ಕುಷ್ಟಂಗೆ ಎಲೆ ಹಾಕುದಾ, ಬ್ಯಾಡ್ದಾ?"

"ಹಾಗೆ ಹೇಳ್ಕಂದ್ರೆ..." ಪ್ರೇಮಾನಂದ ಗಂಟಲು ಸರಿಮಾಡಿಕೊಂಡ. "ಗುಜರಾತಲ್ಲಿ ಒಬ್ಬ ಎಷ್ಟೋ ವರ್ಷದ ಮೇಲೆ ವಾಪಸ್ ಬಂದಿದ್ದಾನಂತೆ. ಪಾಕಿಸ್ತಾನದವರು ಹಿಡಿದು ಜೈಲಿಗೆ ಹಾಕಿದ್ದರಂತೆ. ಪೇಪರಿನಲ್ಲಿ ಓದಿದ್ದೆ."

ದುಗ್ಗಪ್ಪಣ್ಣ ಅಂಗಳಕ್ಕೆ ಉಗಿದು ಬಾಯಿ ಒರೆಸಿಕೊಂಡರು. "ಕೊಡೇರಿ ದೋಣಿ ಪಾಕಿಸ್ತಾನಕ್ಕೆ ಹೋಪುಕೆ ಎಣ್ಣೆ ಯಾರ್ ಹಾಕ್ದ್ರ್ ಮಾರಾಯ?"

ತೆಂಗಿನ ಬುಡದಲ್ಲಿ ಗೋವರ್ಧನ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ಅವಮಾನವಾಯಿತೆಂದು ಎದ್ದು ಹೋಗಬಹುದಿತ್ತು.

ವನಜ ಬಾಗಿಲ ದಾರಂದ ಹಿಡಿದು ಹೊರಗೆ ಬಂದಳು. ಮಿಂದು ಕೂದಲು ಕಟ್ಟಿದ್ದಳು. ಬೆಳಗಿನಿಂದ ಉಪವಾಸವಿದ್ದ ಮುಖ.

"ಭಾವ, ನಾ ಜಗಳ ಮಾಡುದಿಲ್ಲೆ. ಇದ್ದ ಅಂದ್ರೆ ಕಾಯ್ತೆ. ಮುದುಕಿ ಆಪಲ್ಲಿವರೆಗೂ ಕಾಯ್ತೆ. ಇಲ್ಲೆ ಅಂದ್ರೆ ಅತ್ತ್ ಮುಗ್ಸ್ತೆ, ಒಂದ್ ದಾರಿ ಕಾಣ್ತೆ. ಇದ್ರೂ ಇರ್ಲಕ್ ಅಂದೇಳಿ ಎಷ್ಟ್ ದಿನ ಬದ್ಕುದ್? ನಾಲ್ಕ್ ವರ್ಷ ಆಯ್ತ್, ನಂಗೆ ಸಮಾ ಮರ್ಕುಕೂ ಆಯಿಲ್ಲೆ."

ಸರಿಯಾಗಿ ಅಳಲೂ ಆಗಲಿಲ್ಲ ಎಂದಳು. ಈಗ ಹೇಳಿಬಿಡಬೇಕು, ಒಂದೇ ಒಂದು ಶಬ್ದ, ಎರಡೇ ಅಕ್ಷರ ಎಂದುಕೊಂಡ. ನಾಲಗೆಯ ತುದಿಗೆ ಬಂತು.

"ಪ್ಯಾಂಟ್ ಬದ್ಲಾಯ್ಸಿ ಬತ್ತೆ" ಎಂದ.

ಎದ್ದು ಒಳಗೆ ಹೋದ.

ಅವನ ಕೋಣೆ ನಡುಮನೆಯ ಪಕ್ಕಕ್ಕೇ ಇತ್ತು. ಬಾಗಿಲಿಗೆ ಒಂದು ಪರದೆ ಮಾತ್ರ. ಪ್ಯಾಂಟು ತೆಗೆದು ಮುಂಡು ಉಟ್ಟ. ಬಿಚ್ಚಿ ಇನ್ನೊಮ್ಮೆ ಉಟ್ಟ. ಹೊಸದಾಗಿ ಕೊಂಡ ಮೊಬೈಲು ತೆಗೆದು ನೋಡಿದ, ಯಾರಾದರೂ ಫೋನು ಮಾಡಬಾರದೇ ಎಂದು. ಟವರ್ ಇರಲಿಲ್ಲ. ಮಂಚದ ತುದಿಯಲ್ಲಿ ಕೂತ. ಹೊರಗಿನವರು ತಾವೇ ತೀರ್ಮಾನ ಮಾಡಿಕೊಂಡರೆ ಎಷ್ಟು ಚೆನ್ನ! ಎಲೆ ಹಾಕಿದರೆ ಅದು ಅವರು ಹಾಕಿದ್ದು. ಹಾಕದಿದ್ದರೆ ಅದು ಅವರು ಹಾಕದೇ ಇದ್ದದ್ದು. ತಾನು ಎರಡರಲ್ಲೂ ಇಲ್ಲ. ಹೀಗೆ ಯೋಚಿಸುತ್ತಿರುವ ಮನುಷ್ಯ ಹೊರಗಿನಿಂದ ಹೇಗೆ ಕಾಣುತ್ತಾನೆಂದು ಕಲ್ಪಿಸಿಕೊಂಡ. ಮುಂಡು ಹಿಡಿದು ಕೂತ ಒಬ್ಬ ಉಪನ್ಯಾಸಕ! ನಗು ಬಂತು, ಆದರೂ ಏಳಲಿಲ್ಲ.

ಜಗಲಿಯಲ್ಲಿ ದುಗ್ಗಪ್ಪಣ್ಣನ ದನಿ ತಗ್ಗಿತು. ವನಜ ಏನೋ ಹೇಳಿದಳು. ಆಮೇಲೆ ನಡುಮನೆಯಲ್ಲಿ ಅವಳ ಹೆಜ್ಜೆ. ಎಲೆ ಹಾಸಿದ ಸದ್ದು. ಪಾತ್ರೆ ಇಟ್ಟ ಸದ್ದು. ಅಡುಗೆಮನೆಗೂ ನಡುಮನೆಗೂ ಅವಳು ಮತ್ತೆ ಮತ್ತೆ ನಡೆದಳು. ಬೆಂಕಿಕಡ್ಡಿ ಗೀರಿದ್ದು ಕೇಳಿಸಿತು, ದೀಪದ ಬೆಳಕು ಪರದೆಯ ಮೇಲೆ ಬಿತ್ತು. ಹಿಂಬಾಗಿಲಿನ ಚಿಲಕ ಹಾಕಿದಳು.

ಮುಂದಿನದು ಅವನಿಗೆ ಸಣ್ಣಂದಿನಿಂದ ಗೊತ್ತು. ಬಡಿಸಿಯಾದ ಮೇಲೆ ಮನೆಯವರೆಲ್ಲ ಹೊರಗೆ ಹೋಗಿ ಬಾಗಿಲು ಮುಚ್ಚಬೇಕು. ಸತ್ತವರು ಬಂದು ಉಣ್ಣುವಾಗ ಬದುಕಿದವರ ಕಣ್ಣು ಅಲ್ಲಿರಬಾರದು. ಅವರು ಉಂಡಾಗುವಷ್ಟು ಹೊತ್ತು ಜಗಲಿಯಲ್ಲಿ ಕಾದು, ಬಾಗಿಲು ತಟ್ಟಿ, ಅವರೆದ್ದು ಹೋಗಲು ಕೊಂಚ ಬಿಟ್ಟು ಒಳಗೆ ಬರಬೇಕು.

"ಒಳ್ಗೆ ಯಾರಾರ್ ಇದ್ರ್ಯಾ?" ದುಗ್ಗಪ್ಪಣ್ಣ ಕ್ರಮದಂತೆ ಕೂಗಿ ಕೇಳಿದರು.

ಈಗ ಎದ್ದು ಹೋಗಬೇಕು. ಹೋದರೆ ಹೊಸ್ತಿಲಲ್ಲೇ ನಿಲ್ಲಿಸಿ ಮತ್ತೆ ಅದೇ ಪ್ರಶ್ನೆ ಕೇಳುತ್ತಾರೆ. ಇದ್ದೇನೆ ಎನ್ನಲೇ? ಅವನು ಉಸಿರು ಹಿಡಿದು ಕೂತ.

ಪರದೆ ಸರಿಯಿತು. ವನಜ ನಿಂತಿದ್ದಳು. ಅವನನ್ನು ನೋಡಿದಳು. ಮಂಚವನ್ನೋ ಗೋಡೆಯನ್ನೋ ಅಲ್ಲ, ಅವನನ್ನೇ, ಕಣ್ಣಿಗೆ ಕಣ್ಣಿಟ್ಟು. ಅದರಲ್ಲಿ ಮಾತ್ರ ಅವನಿಗೆ ಎಳ್ಳಷ್ಟೂ ಸಂಶಯ ಬರಲಿಲ್ಲ. ಒಂದು ಮಾತಿಗಾಗಿ ಅವಳು ಕೊನೆಯ ಸಲ ಕಾದಂತಿತ್ತು. ಅವನು ಮುಂಡಿನ ಅಂಚನ್ನು ನೋಡಿದ.

ಪರದೆ ಮತ್ತೆ ಬಿತ್ತು.

"ಯಾರೂ ಇಲ್ಲೆ" ಎಂದಳು ವನಜ, ಹೊಸ್ತಿಲ ಹತ್ತಿರದಿಂದ, ಸ್ಪಷ್ಟವಾಗಿ.

ಬಾಗಿಲು ಮುಚ್ಚಿತು. ಹೊರಗಿನಿಂದ ಚಿಲಕ ಬಿತ್ತು.

ಸ್ವಲ್ಪ ಹೊತ್ತಾದ ಮೇಲೆ ಅವನು ಪರದೆ ಸರಿಸಿ ಹೊರಗೆ ಬಂದ. ದೀಪದ ಎದುರು ಸಾಲಾಗಿ ಎಲೆಗಳು. ತಂದೆಯದರ ಪಕ್ಕ ಶೇಂದಿ ತುಂಬಿದ ಲೋಟ. ಅಜ್ಜಿಯದರ ಪಕ್ಕ ಕುಟ್ಟಿದ ಎಲೆಯಡಿಕೆ. ತಾಯಿಯ ಎಲೆ. ಅದರಾಚೆ, ಸ್ವಲ್ಪ ಅಂತರ ಬಿಟ್ಟು, ಇನ್ನೊಂದು ಎಲೆ.

ಹಾಕಿಯೇಬಿಟ್ಟಳು! ಗುರಿಕಾರರೂ ಹೂಂ ಅಂದಿರಬೇಕು. ಮೊದಲು ಅನ್ನಿಸಿದ್ದು ಹಗುರ. ಸದ್ಯ, ತಾನು ಹೇಳಬೇಕಾಗಿ ಬರಲಿಲ್ಲ. ಆಮೇಲೆ ಅನ್ನಿಸಿತು, ತಾನು ಹೇಳದಿದ್ದರೂ ನಡೆಯಿತು. ಇಷ್ಟು ದಿನ ತನ್ನ ಒಂದು ಮಾತಿಗೆ ಎಲ್ಲರೂ ಕಾದಿದ್ದಾರೆಂದು ಬೀಗಿಕೊಂಡು ಓಡಾಡಿದ್ದನಲ್ಲ, ಆ ಮಾತು ಯಾರಿಗೂ ಬೇಕಾಗಲಿಲ್ಲ. ಬಹಳ ಅವಮಾನವಾಯಿತು. ಆದರೆ ಅವಮಾನದ ಜೊತೆಗೇ ಹಸಿವೂ ಆಯಿತು. ಕಡುಬಿನಿಂದ ಇನ್ನೂ ಹಬೆ ಏಳುತ್ತಿತ್ತು.

ಸತ್ತವರು ಉಣ್ಣಲು ಬರುತ್ತಾರೆಂದು ನಂಬದವನಿಗೆ ಎಲೆ ಯಾರದ್ದಾದರೇನು? ಇದು ತರ್ಕ. ತರ್ಕ ಮುಗಿಯುವ ಮೊದಲೇ ಅವನು ಆ ಕೊನೆಯ ಎಲೆಯ ಮುಂದೆ ಕುಕ್ಕರಗಾಲಲ್ಲ, ಚಕ್ಕಳಮಕ್ಕಳ ಹಾಕಿ ಕೂತಿದ್ದ. ಒಂದು ತುಂಡು ಕಡುಬು ಮುರಿದು ಕೋಳಿ ಸಾರಿನಲ್ಲಿ ಅದ್ದಿದ. ಯಾರೂ ತಡೆಯಲಿಲ್ಲ. ಇನ್ನೊಂದು ತುಂಡು. ಆಮೇಲೆ ಕೈ ತಾನಾಗಿ ನಡೆಯಿತು.

ಜಗಲಿಯಿಂದ ಮಾತು ಕೇಳಿಸಿತು.

"ಇನ್ನ್ ತಟ್ಲಕ್ಕಾ?" ಗೋವರ್ಧನನ ದನಿ. ಅವನನ್ನು ಜಗಲಿಗೆ ಕರೆದು ಕೂರಿಸಿದ್ದಾರೆ ಎಂದಾಯಿತು.

"ತಡಿ ಮಾರಾಯ, ಉಣ್ಲಿ" ಎಂದರು ದುಗ್ಗಪ್ಪಣ್ಣ. "ಉಪ್ಪುನೀರಲ್ಲ್ ಇದ್ದ ಗಂಡ್. ಎಷ್ಟ್ ಹಸ್ದಿತ್ತೋ ಎಂತದೋ."

ಆಗ ವನಜ ಅಳತೊಡಗಿದಳು. ಮೊದಲು ಸಣ್ಣಗೆ, ಆಮೇಲೆ ಗಂಟಲು ಬಿಟ್ಟು. ಕುಷ್ಟನ ಹೆಸರು ಹಿಡಿದು ಕರೆದು ಕರೆದು ಅತ್ತಳು. ಯಾರೋ ಸಮಾಧಾನ ಮಾಡಲು ಹೋದರು, ಬಿಡಿ ಅಳ್ಲಿ ಎಂದು ಯಾರೋ ತಡೆದರು. ಒಳಗೆ ಪ್ರೇಮಾನಂದನ ಕಣ್ಣೂ ತುಂಬಿತು. ಅವನ ತಮ್ಮನಲ್ಲವೇ? ತಾನೂ ಆ ಜಗಲಿಯಲ್ಲಿ ಅವರ ಜೊತೆ ಕೂತು ಅಳಬೇಕಾಗಿತ್ತು. ಕೂಗಿ ಕರೆಯೋಣವೆಂದರೆ ಬಾಯಿ ತುಂಬ ಕಡುಬು.

ಅಳು ನಿಧಾನವಾಗಿ ತಗ್ಗಿತು. ಮೂಗು ಒರೆಸಿಕೊಂಡ ಸದ್ದು. ನಂತರ ನೀರು ಕುಡಿದ ಸದ್ದು. ಆಮೇಲೆ ಅವಳು ಏನೋ ಕೇಳಿದಳು, ಗೋವರ್ಧನ ಮೆಲ್ಲಗೆ ಉತ್ತರಿಸಿದ.

ಬಾಗಿಲು ತಟ್ಟಿದರು. ಜೋರಾಗಿ ಅಲ್ಲ, ಉಂಡವರು ಗಾಬರಿಯಾಗದ ಹಾಗೆ.

ಅವನು ಗಡಬಡಿಸಿ ಎದ್ದ. ಎಂಜಲು ಕೈ, ಅರ್ಧ ಖಾಲಿಯಾದ ಎಲೆ. ಮುಂಬಾಗಿಲಿನಲ್ಲಿ ಅವರಿದ್ದರು, ಹಿಂಬಾಗಿಲಿನ ಚಿಲಕ ತೆಗೆದರೆ ಸದ್ದು ಹೊರಗೆ ಕೇಳುತ್ತಿತ್ತು. ಅವನು ಎಡಗೈಯಲ್ಲಿ ಮುಂಡು ಎತ್ತಿ ಹಿಡಿದು, ಇಲ್ಲಿಂದ ಸತ್ತವರು ಯಾವ ಕಡೆಯಿಂದ ಹೋಗುತ್ತಾರೆ ಎಂದು ನಾಲ್ಕೂ ಗೋಡೆಗಳನ್ನು ನೋಡುತ್ತ ನಿಂತ.